‘ಮನೇಲಿ ಕೋಳಿ ಸಾಕಿದ್ದೀರಾ?’: ದಕ್ಷಿಣ ಕೊಡಗಿನ ಒಂದು ಜ್ವರದ ಪ್ರಕರಣ

ಈ ಪ್ರಕರಣದಲ್ಲಿ ಕೊನೆಗೆ ಸಿಕ್ಕಿದ್ದು ಹಕ್ಕಿ ಜ್ವರ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ರಿಪೋರ್ಟ್ ಏನು ಬಂತು ಎಂದು ಕಾಯುತ್ತಾರೆ, ನಡುವೆ ಯಾರು ಯಾವ ಹೊತ್ತಿನಲ್ಲಿ ಏನು ನಿರ್ಧಾರ ಮಾಡಿದರು ಎಂಬುದು ಕಣ್ಣು ತಪ್ಪಿ ಹೋಗುತ್ತದೆ. ರೋಗಿ, ತೋಟ, ಊರು, ಆಸ್ಪತ್ರೆ ಯಾವುದರ ಗುರುತೂ ಸಿಗದ ಹಾಗೆ ಬರೆದಿದ್ದೇನೆ. ವಯಸ್ಸು ಮತ್ತು ಮನೆಯವರ ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಫೆಬ್ರವರಿ ಕೊನೆಯ ದಿನಗಳು. ರೋಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು, ಎಲ್ಲರೂ ಹೂಮಳೆ ಕಾಯುತ್ತಿದ್ದರು. ಒಂದು ಸಾಧಾರಣ ಗಾತ್ರದ ಕಾಫಿ ತೋಟ, ಅದರ ಅಂಚಿನಲ್ಲಿ ಕೂಲಿಯವರ ಲೈನ್‌ಮನೆಗಳು. ಅಲ್ಲಿದ್ದವರಲ್ಲಿ ಹೆಚ್ಚಿನವರು ಮೈಸೂರು ಕಡೆಯಿಂದ ಬಂದು ನೆಲೆಸಿದ ಸಂಸಾರಗಳು. ಮಾಲೀಕರ ಮನೆ ಹಿಂದೆ ನಲವತ್ತು ಚಿಲ್ಲರೆ ನಾಟಿ ಕೋಳಿಗಳಿದ್ದವು. ಹಗಲೆಲ್ಲ ಕಾಫಿ ಗಿಡದ ಬುಡದ ತರಗೆಲೆ ಕೆದರಿ, ಸಂಜೆ ತಾವಾಗಿಯೇ ಗೂಡು ಸೇರುವಂಥವು. ಜನವರಿಯಲ್ಲಿ ಮಾಲೀಕರು ಸಂತೆಯಿಂದ ಒಂದಷ್ಟು ಎಳೆ ಕೋಳಿ ತಂದು ಹಳೆಯವುಗಳ ಜೊತೆ ನೇರವಾಗಿ ಬಿಟ್ಟಿದ್ದರು.

ಕೊಡಗಿನವರಿಗೆ ಹಕ್ಕಿ ಜ್ವರದ ಹೆಸರು ಹೊಸದೇನಲ್ಲ. ಕುಟ್ಟ, ಮಾಕುಟ್ಟ ದಾಟಿದರೆ ಕೇರಳ. ಅಲ್ಲಿನ ಆಲಪ್ಪುಳ, ಕೋಟ್ಟಯಂ ಭಾಗದ ಬಾತುಕೋಳಿಗಳಲ್ಲಿ 2014ರಿಂದ ಈಚೆಗೆ ರೋಗ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಇತ್ತ ಮೈಸೂರಿನಲ್ಲಿ 2020ರ ಮಾರ್ಚ್‌ನಲ್ಲಿ, ಆಮೇಲೆ 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳ ಕೋಳಿಗಳಲ್ಲಿ ಅದು ದೃಢಪಟ್ಟಿತ್ತು. ಪ್ರತಿ ಸಲವೂ ಚೆಕ್‌ಪೋಸ್ಟ್‌ನಲ್ಲಿ ಕೋಳಿ ಲಾರಿ ತಡೆಯುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಹದಿನೈದು ದಿನಕ್ಕೆ ಎಲ್ಲರೂ ಮರೆಯುತ್ತಾರೆ. ಮನುಷ್ಯರಿಗೆ ಅದು ಬಂದರೆ ಗುರುತಿಸುವವರು ಯಾರು, ಹೇಗೆ ಎಂಬ ಮಾತು ಮಾತ್ರ ಚೆಕ್‌ಪೋಸ್ಟಿನ ಗದ್ದಲದಲ್ಲಿ ಕೇಳಿಸುವುದಿಲ್ಲ.

ಮನುಷ್ಯರಿಗೆ ಬರುವುದು ಅಪರೂಪ, ಬಂದರೆ ಬಲು ಕೆಟ್ಟದ್ದು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ಎಂಬ ಹಕ್ಕಿ ಜ್ವರದ ವೈರಸ್ ಮೊದಲ ಬಾರಿ ಮನುಷ್ಯರಲ್ಲಿ ಕಂಡಾಗ 18 ಜನರಿಗೆ ತಗುಲಿ 6 ಮಂದಿ ತೀರಿಕೊಂಡರು. 2003ರಿಂದ ಈಚೆಗೆ ವಿಶ್ವ ಆರೋಗ್ಯ ಸಂಸ್ಥೆಗೆ ವರದಿಯಾದ ಎಚ್5ಎನ್1 ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಉಳಿದಿಲ್ಲ. ನಮ್ಮ ದೇಶದಲ್ಲಿ ಕೋಳಿಗಳಲ್ಲಿ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಮನುಷ್ಯರ ಮೊದಲ ಸಾವು 2021ರಲ್ಲಿ, ಹರಿಯಾಣದ ಒಬ್ಬ ಬಾಲಕನದು. 2025ರ ಮಾರ್ಚ್‌ನಲ್ಲಿ ಆಂಧ್ರದ ನರಸರಾವ್‌ಪೇಟೆಯ ಎರಡು ವರ್ಷದ ಮಗು ತೀರಿಕೊಂಡಿತು. ಅಡುಗೆಗೆ ತಂದ ಕೋಳಿಯ ಹಸಿ ತುಂಡೊಂದನ್ನು ಮಗು ತಿಂದಿತ್ತೆಂದು ಮನೆಯವರು ಹೇಳಿದ್ದರು.

ಜ್ವರ ಶುರುವಾದದ್ದು

ರೋಗಿ ಮೂವತ್ತು ದಾಟಿದ ಹೆಂಗಸು, ಲೈನ್‌ಮನೆಯವರು. ಗಂಡ, ಇಬ್ಬರು ಮಕ್ಕಳು, ಅತ್ತೆ ಒಟ್ಟಿಗಿದ್ದರು. ಬುಧವಾರ ಬೆಳಿಗ್ಗೆ ಎರಡೂ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಸಂಜೆಗೆ ಚಳಿ ಜ್ವರ, ಮೈಕೈ ನೋವು. ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ಒಂದು ದಿನ ಕಳೆಯಿತು. ಶುಕ್ರವಾರ ಪೇಟೆಯ ಒಂದು ಖಾಸಗಿ ಕ್ಲಿನಿಕ್‌ಗೆ ಹೋದರು. ಅಲ್ಲಿನ ವೈದ್ಯರು ಕೇಳಲೇಬೇಕಾದದ್ದನ್ನು ಕೇಳಿದ್ದರು: ‘ಮನೇಲಿ ಕೋಳಿ ಸಾಕಿದ್ದೀರಾ?’

‘ಇಲ್ಲ ಸಾರ್.’

ಸುಳ್ಳೇನಲ್ಲ, ಅವರು ಸಾಕಿರಲಿಲ್ಲ. ಕಣ್ಣಿಗೆ ಡ್ರಾಪ್ಸ್, ಕೆಮ್ಮಿಗೆ ಆ್ಯಂಟಿಬಯೊಟಿಕ್ ಕೊಟ್ಟು ಕಳಿಸಿದರು. ಭಾನುವಾರ ಮಧ್ಯಾಹ್ನ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ತೋಟದ ರೈಟರ್ ಜೀಪ್ ಕೊಟ್ಟು ತಾಲೂಕು ಆಸ್ಪತ್ರೆಗೆ ಕಳಿಸಿದರು. ಆಗ ರಕ್ತದ ಆಮ್ಲಜನಕ ಶೇ. 91. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಮಬ್ಬಾಗಿತ್ತು. ಬಿಳಿ ರಕ್ತಕಣ ಕಡಿಮೆ, ಪ್ಲೇಟ್‌ಲೆಟ್ ಸ್ವಲ್ಪ ಇಳಿದಿತ್ತು. ಡೆಂಗಿ ಪರೀಕ್ಷೆ ನೆಗೆಟಿವ್. ಇಲಿ ಜ್ವರ ಇರಬಹುದೆಂದು ಅದರ ಚಿಕಿತ್ಸೆ ಶುರುವಾಯಿತು. ಕೊಡಗಿನ ತೋಟದ ಕೂಲಿಯವರಲ್ಲಿ ಇಂಥ ಚಿತ್ರ ಕಂಡಾಗ ಇಲಿ ಜ್ವರ ನೆನಪಾಗುವುದು ಸರಿಯೇ.

ಹಕ್ಕಿ ಜ್ವರ ಮನುಷ್ಯರಲ್ಲಿ ತನ್ನದೇ ಮುಖ ಇಟ್ಟುಕೊಂಡು ಬರುವುದಿಲ್ಲ ಎಂಬುದೇ ಇಲ್ಲಿಯ ಕಷ್ಟ. ಜ್ವರ, ಒಣ ಕೆಮ್ಮು, ಮೈಕೈ ನೋವು, ಕೆಲವರಿಗೆ ಭೇದಿ, ಆಮೇಲೆ ಸರ್ರನೆ ಏರುವ ಉಸಿರಾಟದ ತೊಂದರೆ. ರಕ್ತಕಣ ಇಳಿಯುವುದೂ ಇದರಲ್ಲಿ ಉಂಟು, ಡೆಂಗಿಯಲ್ಲೂ ಉಂಟು, ಮಾಮೂಲಿ ಫ್ಲೂನಲ್ಲೂ ಉಂಟು. ಹಾಸಿಗೆ ಪಕ್ಕ ನಿಂತು ರೋಗಿಯನ್ನು ಎಷ್ಟು ನೋಡಿದರೂ ಗೊತ್ತಾಗದು. ಹಿಂದಿನ ಹತ್ತು ದಿನ ಆ ಮನುಷ್ಯ ಏನು ಮಾಡುತ್ತಿದ್ದ ಎಂಬುದರಿಂದ ಮಾತ್ರ ಅನುಮಾನ ಹುಟ್ಟುತ್ತದೆ.

ಹೊರಗಿನ ಬೆಂಚಿನ ಮೇಲೆ

ಆ ಅನುಮಾನ ಹುಟ್ಟಿದ್ದು ವಾರ್ಡಿನ ಹೊರಗೆ. ಆ ಭಾಗದ ಆಶಾ ಕಾರ್ಯಕರ್ತೆ ಬೇರೊಬ್ಬ ಬಾಣಂತಿಯನ್ನು ನೋಡಲು ಬಂದವರು, ಪರಿಚಯದ ಅತ್ತೆ ಬೆಂಚಿನ ಮೇಲೆ ಕೂತಿದ್ದು ಕಂಡು ಪಕ್ಕದಲ್ಲಿ ಕೂತರು. ಕೋಳಿ ಸಾಕಿದ್ದೀರಾ ಎಂದು ಅವರು ಕೇಳಲೇ ಇಲ್ಲ. ‘ಹೋದ ವಾರ ಅಕ್ಕನಿಗೆ ಏನು ಕೆಲಸ ಇತ್ತಜ್ಜಿ?’ ಎಂದರು.

‘ಸಾಹುಕಾರ್ರ ಮನೆ ಕೋಳಿಗೆ ಸೀಕು ಬಂದಿತ್ತು ಕನವ್ವ. ಸಾಯೋಕೆ ಮುಂಚೆ ಕುಯ್ದುಬುಡಿ ಅಂತ ಅಮ್ಮಾವ್ರು ಇವಳನ್ನೇ ಕರೆಸಿದ್ರು. ಎಲ್ಡು ದಿನ ಅದೇ ಕೆಲ್ಸ. ನಮ್ಗೂ ಮೂರು ಕೋಳಿ ಕೊಟ್ರು.’

ಶನಿವಾರ, ಭಾನುವಾರ ಕುಯ್ದದ್ದು, ಬುಧವಾರ ಜ್ವರ. ಎಚ್5ಎನ್1 ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಎರಡರಿಂದ ಐದು ದಿನ ಬೇಕು. ಲೆಕ್ಕ ಭಯ ಹುಟ್ಟಿಸುವಷ್ಟು ಸರಿಯಾಗಿ ಕೂತಿತು. ಆಶಾ ಕಾರ್ಯಕರ್ತೆ ಡ್ಯೂಟಿ ವೈದ್ಯರನ್ನು ಹುಡುಕಿಕೊಂಡು ಹೋಗಿ ಹೇಳಿದರು.

ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಸಾಕುವವರು ಒಬ್ಬರು, ಕುಯ್ಯುವವರು ಇನ್ನೊಬ್ಬರು, ಗುಂಡಿಗೆ ಹಾಕುವವರು ಮತ್ತೊಬ್ಬರು ಇರುವ ತೋಟದ ಬದುಕಿನಲ್ಲಿ ಸಾಕಣೆಯ ಪ್ರಶ್ನೆಗೆ ಸಿಗುವುದು ಮಾಲೀಕರ ಹೆಸರು. ವೈರಸ್ ಅಂಟುವುದು ಕತ್ತು ಹಿಡಿದವರಿಗೆ, ಪುಕ್ಕ ಕಿತ್ತವರಿಗೆ, ಕರುಳು ತೆಗೆದವರಿಗೆ. ಹಾಗಾಗಿ ಕೇಳಬೇಕಾದದ್ದು ಕೈಯ ಕೆಲಸವನ್ನು: ಕೋಳಿ ಕುಯ್ದಿರಾ, ಕ್ಲೀನ್ ಮಾಡಿದಿರಾ, ಸತ್ತದ್ದನ್ನು ಎತ್ತಿ ಹಾಕಿದಿರಾ, ಗೂಡು ಗುಡಿಸಿದಿರಾ, ಸಂತೆಯಲ್ಲಿ ಹಿಡಿದು ನೋಡಿದಿರಾ. ಅರ್ಧ ನಿಮಿಷದ ಮಾತು ಅಷ್ಟೆ.

ಅದೇ ರಾತ್ರಿ ಮಾಡಿದ್ದು

ಡ್ಯೂಟಿ ವೈದ್ಯರು ಮೂರು ಕೆಲಸ ಒಟ್ಟಿಗೆ ಮಾಡಿದರು. ರೋಗಿಯನ್ನು ಪ್ರತ್ಯೇಕ ಕೋಣೆಗೆ ಹಾಕಿದರು. ಒಳಗೆ ಹೋಗುವವರಿಗೆ ಎನ್95 ಮಾಸ್ಕ್, ಗೌನ್, ಗ್ಲೌಸ್, ಕಣ್ಣಿಗೆ ರಕ್ಷಣೆಯ ಕನ್ನಡಕ. ಗಂಟಲು ಮತ್ತು ಮೂಗಿನ ದ್ರವ ತೆಗೆದು, ವೈರಸ್ ಸಾಗಿಸುವ ದ್ರಾವಣದಲ್ಲಿ ಹಾಕಿ, ಐಸ್ ಡಬ್ಬಿಯಲ್ಲಿ ಇಟ್ಟರು. ಗಂಟಲಿನದೂ ಬೇಕೆಂದು ಹಟ ಹಿಡಿದದ್ದಕ್ಕೆ ಕಾರಣವಿದೆ. ಮಾಮೂಲಿ ಫ್ಲೂ ವೈರಸ್ ಮೂಗಿನಲ್ಲಿ ಚೆನ್ನಾಗಿ ಸಿಗುತ್ತದೆ. ಎಚ್5ಎನ್1 ಅಂಟಿಕೊಳ್ಳಲು ಬೇಕಾದ ಹಿಡಿ ನಮ್ಮ ಶ್ವಾಸನಾಳದ ಆಳದಲ್ಲಿ ಹೆಚ್ಚು, ಆದ್ದರಿಂದ ಬರೀ ಮೂಗಿನದ್ದು ನೆಗೆಟಿವ್ ಬಂದರೆ ನಂಬುವಂತಿಲ್ಲ.

ಮೂರನೆಯದು, ರಿಪೋರ್ಟ್‌ಗೆ ಕಾಯದೆ ಫ್ಲೂ ವೈರಸ್ ವಿರುದ್ಧದ ಮಾತ್ರೆ ಒಸೆಲ್ಟಾಮಿವಿರ್ ಶುರು ಮಾಡಿದ್ದು: 75 ಮಿಲಿಗ್ರಾಂ, ದಿನಕ್ಕೆರಡು ಸಲ. ಇದಕ್ಕೆ ಅಲ್ಲೇ ಒಬ್ಬರು ತಕರಾರು ತೆಗೆದರು. ಜ್ವರ ಬಂದು 48 ಗಂಟೆಯೊಳಗೆ ಕೊಟ್ಟರೆ ತಾನೆ ಪ್ರಯೋಜನ, ಈಗ ಐದನೇ ದಿನ ಎಂದರು. ಬೇಗ ಕೊಟ್ಟಷ್ಟು ಒಳ್ಳೆಯದು ನಿಜ. ಆದರೆ ಆಸ್ಪತ್ರೆಗೆ ಸೇರಿಸುವಷ್ಟು ಜೋರಾದ ಫ್ಲೂ ಇದ್ದಾಗ, ಅದರಲ್ಲೂ ಹಕ್ಕಿ ಜ್ವರದ ಅನುಮಾನ ಇದ್ದಾಗ, ತಡವಾಗಿದೆಯೆಂದು ಬಿಡುವುದಿಲ್ಲ, ಕೊಡುತ್ತಾರೆ. ಮಾತ್ರೆಯ ತೊಂದರೆ ಸಾಮಾನ್ಯವಾಗಿ ವಾಕರಿಕೆ. ಬಿಟ್ಟು ತಪ್ಪಾದರೆ ಸರಿಪಡಿಸಲು ದಾರಿಯಿಲ್ಲ. ಇಲಿ ಜ್ವರದ ಚಿಕಿತ್ಸೆಯನ್ನೂ ನಿಲ್ಲಿಸಲಿಲ್ಲ.

ರೋಗಗಳ ಮೇಲೆ ನಿಗಾ ಇಡುವ ಜಿಲ್ಲಾ ಸರ್ವೇಕ್ಷಣಾ ಅಧಿಕಾರಿಗೆ ರಾತ್ರಿಯೇ ಫೋನ್ ಹೋಯಿತು, ಅವರಿಂದ ಪಶು ಇಲಾಖೆಗೆ.

ನಲ್ಲಿಯ ಹತ್ತಿರ

ಬೆಳಿಗ್ಗೆ ಆರೋಗ್ಯ ನಿರೀಕ್ಷಕರು, ಪಶುವೈದ್ಯರು, ಆಶಾ ಕಾರ್ಯಕರ್ತೆ ಒಟ್ಟಿಗೆ ತೋಟಕ್ಕೆ ಹೋದರು. ಕೋಳಿ ಕುಯ್ದ ಜಾಗ ಲೈನ್‌ಮನೆಯ ಮುಂದಿನ ನಲ್ಲಿ. ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ಇನ್ನೂ ಒದ್ದೆ ಪುಕ್ಕ ಅಂಟಿತ್ತು. ಕಲ್ಲಿನ ಮಗ್ಗುಲಲ್ಲೇ ಕುಡಿಯುವ ನೀರಿನ ಎರಡು ಕೊಡ. ಪುಕ್ಕ ಸುಟ್ಟ ಬೂದಿಯ ಮೇಲೆ ಮಕ್ಕಳು ಟೈರ್ ಓಡಿಸುತ್ತಿದ್ದರು. ಕುಯ್ದ ಕತ್ತಿ ಅಡುಗೆಮನೆಯಲ್ಲಿ ಮಾಮೂಲಿ ತರಕಾರಿ ಕತ್ತಿಯಾಗಿ ಬಳಕೆಯಲ್ಲಿತ್ತು.

ರೋಗ ಅಂಟಲು ಕೋಳಿ ಸಾರು ಅಷ್ಟಾಗಿ ಕಾರಣವಾಗುವುದಿಲ್ಲ, ಈ ಜಾಗ ಆಗುತ್ತದೆ. ಮಾಂಸದ ಒಳಭಾಗವೆಲ್ಲ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ವೈರಸ್ ಉಳಿಯುವುದಿಲ್ಲ. ನಮ್ಮಲ್ಲಿ ನಾಟಿ ಕೋಳಿ ಬೇಯಿಸುವ ಹೊತ್ತಿಗೆ ಅದು ಎಂದೋ ದಾಟಿರುತ್ತದೆ. ಕುಯ್ಯುವಾಗ ಹಾರುವ ರಕ್ತ, ಪುಕ್ಕ ಕೀಳುವಾಗ ಏಳುವ ಧೂಳು, ಕರುಳಿನ ಹಿಕ್ಕೆ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುವುದು, ಅದೇ ಕತ್ತಿಯಲ್ಲಿ ಸೌತೆಕಾಯಿ ಹೆಚ್ಚುವುದು ಇವುಗಳ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಚಿಕನ್ ತಿನ್ನಬಹುದಾ’ ಎಂದು ನೂರು ಜನ ಕೇಳುತ್ತಾರೆ, ಕುಯ್ಯಬಹುದಾ ಎಂದು ಒಬ್ಬರೂ ಕೇಳುವುದಿಲ್ಲ.

ಮಾಲೀಕರು ಮೊದಲು ಬಾಯಿ ಬಿಡಲಿಲ್ಲ. ನಾಲ್ಕೈದು ಸತ್ತವು, ಬಿಸಿಲಿಗೆ ಎಂದರು. ಪಶುವೈದ್ಯರು ಗೂಡಿನ ಕಡೆ ನಡೆದಾಗ ಮಾತು ಬದಲಾಯಿತು: ‘ಡಾಕ್ಟ್ರೇ, ನೀವು ಸ್ಯಾಂಪಲ್ ಅಂತೀರಿ, ನಾಳೆ ಇಡೀ ಊರಿನ ಕೋಳಿ ಗುಂಡಿಗೆ ಹಾಕ್ತೀರಿ. ಆಮೇಲೆ ನಾನು ಯಾರ ಮುಖ ನೋಡಲಿ?’

ನಷ್ಟದ ಲೆಕ್ಕಕ್ಕಿಂತ ದೊಡ್ಡದಾಗಿ ಅವರನ್ನು ಕಾಡುತ್ತಿದ್ದದ್ದು ಇದು. ರೋಗ ದೃಢಪಟ್ಟರೆ ಒಂದು ಕಿಲೋಮೀಟರ್ ಸುತ್ತಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ನೆರೆಯವರ ಕೋಳಿ ತನ್ನಿಂದ ಹೋಯಿತೆಂಬ ಮಾತು ಊರಲ್ಲಿ ಬಹುಕಾಲ ಉಳಿಯುತ್ತದೆ. ಪಶುವೈದ್ಯರು ಕಾನೂನಿನ ಹೆದರಿಕೆ ಹಾಕಬಹುದಿತ್ತು, ಹಾಕಲಿಲ್ಲ. ಅಂಗಳದಲ್ಲೇ ಕೂತು ಎರಡು ವಿಷಯ ಹೇಳಿದರು. ಸ್ಯಾಂಪಲ್ ತೆಗೆದ ಮಾತ್ರಕ್ಕೆ ಯಾರೂ ಕೋಳಿ ಕೊಲ್ಲುವುದಿಲ್ಲ, ಲ್ಯಾಬಿನಲ್ಲಿ ದೃಢಪಡಬೇಕು. ಸರ್ಕಾರದ ಪರಿಹಾರ ಸಿಗುವುದು ಇಲಾಖೆ ಕೊಂದ ಕೋಳಿಗೆ, ಅದಕ್ಕೆ ಮೊದಲೇ ಸತ್ತದ್ದಕ್ಕೆ ಸಿಗುವುದಿಲ್ಲ. ಮುಚ್ಚಿಟ್ಟು ದಿನ ತಳ್ಳಿದಷ್ಟೂ ಕಳೆದುಕೊಳ್ಳುವವರು ನೀವೇ ಎಂದರು. ಆ ಮೇಲೆ ಲೆಕ್ಕ ಹೊರಬಂತು: ಉಳಿದಿದ್ದದ್ದು ಹನ್ನೆರಡು, ಅದರಲ್ಲಿ ಮೂರು ತೂಕಡಿಸುತ್ತಿದ್ದವು.

ಒಂದು ಕೋಳಿ ಕತ್ತು ತಿರುಚಿಕೊಂಡು ಬಿದ್ದಿತ್ತು, ಹಸಿರು ಹಿಕ್ಕೆ. ಇದು ಕೋಳಿಗಳಿಗೆ ಬೇರೊಂದು ವೈರಸ್‌ನಿಂದ ಬರುವ ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಇರಬಹುದು ಎಂದು ಪಶುವೈದ್ಯರಿಗೆ ಅಲ್ಲೇ ಅನಿಸಿತು. ಹಕ್ಕಿ ಜ್ವರದಲ್ಲಿ ಕಾಗೆಗಳೂ ಸಾಯುವುದುಂಟು, ಸುತ್ತಮುತ್ತ ಕಾಗೆ ಸತ್ತಿದ್ದನ್ನು ಯಾರೂ ನೋಡಿರಲಿಲ್ಲ. ಆದರೂ ಅನಿಸಿಕೆಯನ್ನು ನಂಬಿ ಕೈಬಿಡಲಿಲ್ಲ. ಎರಡೂ ರೋಗದಲ್ಲಿ ಕೋಳಿ ದಿಢೀರನೆ ಸಾಯುತ್ತದೆ, ಹೊರಗಿನಿಂದ ಬೇರ್ಪಡಿಸಲು ಆಗುವುದಿಲ್ಲ. ಸ್ಯಾಂಪಲ್ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಗೆ ಹೋಯಿತು. ಹಕ್ಕಿ ಜ್ವರವೆಂದು ಅಂತಿಮವಾಗಿ ಹೇಳುವ ಲ್ಯಾಬ್ ಭೋಪಾಲದಲ್ಲಿದೆ.

ಕೋಳಿ ಮುಟ್ಟಿದವರ ಪಟ್ಟಿ ತಯಾರಾಯಿತು: ಮಾಲೀಕರ ಪತ್ನಿ, ಗುಂಡಿ ತೋಡಿದ ಇಬ್ಬರು, ರೋಗಿಯ ಅತ್ತೆ, ಪುಕ್ಕ ಕೀಳಲು ಕೂತಿದ್ದ ದೊಡ್ಡ ಮಗಳು. ಅವರಿಗೆ ವೈದ್ಯರು ಮುಂಜಾಗ್ರತೆಯ ಒಸೆಲ್ಟಾಮಿವಿರ್ ಕೊಟ್ಟರು. ಮುಟ್ಟಿದ ಕೊನೆಯ ದಿನದಿಂದ ಹತ್ತು ದಿನ ಜ್ವರ, ಕೆಮ್ಮು, ಕಣ್ಣು ಕೆಂಪು ನೋಡಿಕೊಳ್ಳುವ ಕೆಲಸ ಆಶಾ ಕಾರ್ಯಕರ್ತೆಗೆ ಬಂತು.

ಎರಡು ಸಂಜೆ

ಮೊದಲ ರಿಪೋರ್ಟ್ ‘ಇನ್‌ಫ್ಲುಯೆಂಜಾ ಎ ಪಾಸಿಟಿವ್’ ಎಂದಷ್ಟೇ ಹೇಳಿತು. ಮಾಮೂಲಿ ಫ್ಲೂ ಕೂಡ ಎ, ಹಕ್ಕಿ ಜ್ವರವೂ ಎ. ಒಳಜಾತಿ ಗೊತ್ತಾಗುವ ತನಕ ಇದರಿಂದ ಏನೂ ತೀರ್ಮಾನ ಮಾಡುವಂತಿಲ್ಲ. ಎ ಪಾಸಿಟಿವ್ ಬಂದು, ಮನುಷ್ಯರಲ್ಲಿ ಓಡಾಡುವ ಎಚ್1 ಮತ್ತು ಎಚ್3 ಎರಡೂ ನೆಗೆಟಿವ್ ಬಂದರೆ ಅದು ಕೆಂಪು ಬಾವುಟ. ಆಗ ಮಾದರಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋಗಲೇಬೇಕು.

ಅಷ್ಟರಲ್ಲಿ ವಾಟ್ಸ್ಆ್ಯಪ್ ತನ್ನ ಕೆಲಸ ಮುಗಿಸಿತ್ತು. ಹಕ್ಕಿ ಜ್ವರಕ್ಕೆ ಒಬ್ಬ ಹೆಂಗಸು ಹೋದಳಂತೆ ಎಂಬ ಧ್ವನಿ ಸಂದೇಶ ರೋಗಿಯ ಗಂಡನ ಫೋನಿಗೇ ಬಂತು. ಪೇಟೆಯ ಚಿಕನ್ ಅಂಗಡಿಗಳು ಖಾಲಿ. ‘ಏನೂ ಇಲ್ಲ, ಸುಳ್ಳು ಸುದ್ದಿ’ ಎಂದು ಹೇಳಿಬಿಡಿ ಎಂದು ಆರೋಗ್ಯಾಧಿಕಾರಿಯ ಮೇಲೆ ಒತ್ತಡ ಇತ್ತು. ಅವರು ಪಂಚಾಯ್ತಿ ಕಚೇರಿಯಲ್ಲಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು: ಅನುಮಾನ ಇದೆ, ಮಾದರಿ ಹೋಗಿದೆ, ರೋಗಿ ಬದುಕಿದ್ದಾರೆ, ಸುಧಾರಿಸುತ್ತಿದ್ದಾರೆ. ಬೇಯಿಸಿದ ಕೋಳಿ, ಪೂರ್ತಿ ಬೆಂದ ಮೊಟ್ಟೆ ತಿನ್ನಬಹುದು. ಸೊರಗಿದ ಕೋಳಿಯನ್ನು ಯಾರೂ ಕುಯ್ಯಬೇಡಿ, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ತೋಡಿಗೆ ಎಸೆಯಬೇಡಿ, ನಮಗೆ ಫೋನ್ ಮಾಡಿ. ಆ ಎರಡು ಸಂಜೆಯಲ್ಲಿ ಬೇರೆ ಎರಡು ಮನೆಯವರು ತಮ್ಮಲ್ಲೂ ಕೋಳಿ ಸತ್ತಿದ್ದನ್ನು ಬಂದು ಹೇಳಿದರು. ಏನೂ ಇಲ್ಲ ಎಂದು ಹೇಳಿದ್ದರೆ ಅವರು ಬರುತ್ತಿದ್ದರೆಂದು ನನಗೆ ಅನಿಸುವುದಿಲ್ಲ.

ಎರಡನೇ ರಿಪೋರ್ಟ್ ಬಂತು. ರೋಗಿಗೆ ಇದ್ದದ್ದು ಎಚ್1ಎನ್1, 2009ರಿಂದ ಮನುಷ್ಯರಲ್ಲೇ ನೆಲೆಸಿರುವ ಫ್ಲೂ. ಕೋಳಿಗಳದ್ದು ರಾಣಿಖೇತ್, ಹಕ್ಕಿ ಜ್ವರ ನೆಗೆಟಿವ್. ರೋಗಿ ಆಮ್ಲಜನಕದಿಂದ ಹೊರಬಂದು ಮನೆಗೆ ಹೋದರು. ಪಟ್ಟಿಯಲ್ಲಿದ್ದ ಯಾರಿಗೂ ಏನೂ ಆಗಲಿಲ್ಲ.

ಕಣ್ಣು, ಮತ್ತು ಇನ್ನೊಂದು ವಿಷಯ

ಹಾಗಾದರೆ ಕಣ್ಣು ಕೆಂಪಾದದ್ದು ಏಕೆ? ರಾಣಿಖೇತ್ ವೈರಸ್ ಕೋಳಿ ಮುಟ್ಟಿದವರ ಕಣ್ಣಿಗೆ ತಗುಲಿದರೆ ಕಣ್ಣು ಕೆಂಪಾಗಿ ನೀರು ಬರುತ್ತದೆ, ಕೆಲವು ದಿನಕ್ಕೆ ತಾನಾಗಿಯೇ ವಾಸಿಯಾಗುತ್ತದೆ. ಕುಯ್ದ ಕೈಯಲ್ಲಿ ಕಣ್ಣು ಉಜ್ಜಿಕೊಂಡಿದ್ದರೆ ಅದೇ ಕಾರಣ ಇರಬಹುದು, ಪುಕ್ಕ ಸುಟ್ಟ ಹೊಗೆಯೂ ಇರಬಹುದು. ಕಣ್ಣಿನ ಮಾದರಿ ತೆಗೆದಿರಲಿಲ್ಲವಾದ್ದರಿಂದ ಇದು ಊಹೆ. ಆದರೆ ಹಕ್ಕಿ ಜ್ವರದಲ್ಲೂ ಕಣ್ಣು ಸಣ್ಣ ಲಕ್ಷಣವಲ್ಲ. 2003ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಎಚ್7ಎನ್7 ಕೋಳಿಗಳಿಂದ 89 ಜನರಿಗೆ ಹರಡಿದಾಗ ಹೆಚ್ಚಿನವರಿಗೆ ಕಣ್ಣುಬೇನೆ ಮಾತ್ರ ಬಂದಿತ್ತು, ಒಬ್ಬ ಪಶುವೈದ್ಯರು ನ್ಯುಮೋನಿಯಾದಿಂದ ತೀರಿಕೊಂಡರು. 2024ರಲ್ಲಿ ಅಮೆರಿಕದ ಹೈನು ಕೆಲಸಗಾರರಿಗೆ ಎಚ್5ಎನ್1 ತಗುಲಿದಾಗಲೂ ಮೊದಲು ಕಂಡದ್ದು ಕೆಂಪು ಕಣ್ಣೇ. ಕೋಳಿ ಮುಟ್ಟಿದವರ ಕಣ್ಣು ಕೆಂಪಾಗಿದ್ದರೆ ಡ್ರಾಪ್ಸ್ ಬರೆಯುವ ಮೊದಲು ಕಣ್ಣಿನಿಂದಲೂ ಒಂದು ಸ್ವ್ಯಾಬ್ ತೆಗೆಯಬೇಕು.

ಎಚ್1ಎನ್1 ಎಂದು ಗೊತ್ತಾದಾಗ ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ಆ ನಿರಾಳ ಪೂರ್ತಿ ಒಪ್ಪಿಗೆಯಾಗಲಿಲ್ಲ. ಮನುಷ್ಯರ ಫ್ಲೂ ಮೈಯಲ್ಲಿದ್ದಾಗಲೇ ಹಕ್ಕಿಯ ಫ್ಲೂ ಕೂಡ ಹೊಕ್ಕರೆ, ಎರಡೂ ಒಂದೇ ಜೀವಕೋಶದಲ್ಲಿ ತಮ್ಮ ವಂಶವಾಹಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳಬಲ್ಲವು. ಈಗ ಮನುಷ್ಯನಿಂದ ಮನುಷ್ಯನಿಗೆ ಸಲೀಸಾಗಿ ಹರಡದ ಎಚ್5ಎನ್1 ಹರಡುವುದನ್ನು ಕಲಿಯಬಹುದಾದ ದಾರಿಗಳಲ್ಲಿ ಇದೂ ಒಂದು. ಈ ಹೆಂಗಸಿನ ಮೈಯಲ್ಲಿ ಎಚ್1ಎನ್1 ಇತ್ತು, ಕೈಯಲ್ಲಿ ಸಾಯುವ ಕೋಳಿ ಇತ್ತು. ಆ ಕೋಳಿಗೆ ರಾಣಿಖೇತ್ ಆಗಿದ್ದದ್ದು ಅದೃಷ್ಟ. ಕೋಳಿ ಕೆಲಸದವರಿಗೆ ವರ್ಷಕ್ಕೊಮ್ಮೆ ಮಾಮೂಲಿ ಫ್ಲೂ ಲಸಿಕೆ ಹಾಕಿಸಿ ಎಂದು ಹೇಳುವುದು ಇದಕ್ಕೇ. ಆ ಲಸಿಕೆ ಹಕ್ಕಿ ಜ್ವರ ತಡೆಯುವುದಿಲ್ಲ, ಎರಡು ವೈರಸ್ ಒಂದೇ ಮೈಯಲ್ಲಿ ಸೇರುವ ಸಂದರ್ಭವನ್ನು ಕಡಿಮೆ ಮಾಡುತ್ತದೆ.

ಆಮೇಲೆ ಆದದ್ದು

ಆ ಆಸ್ಪತ್ರೆಯಲ್ಲಿ ಜ್ವರ, ಕೆಮ್ಮಿನ ಒಪಿಡಿ ಚೀಟಿಯ ಮೇಲೆ ‘ಹತ್ತು ದಿನದಲ್ಲಿ ಕೋಳಿ/ಹಕ್ಕಿ ಕುಯ್ದದ್ದು, ಕ್ಲೀನ್ ಮಾಡಿದ್ದು, ಸತ್ತದ್ದು ಮುಟ್ಟಿದ್ದು’ ಎಂಬ ರಬ್ಬರ್ ಸ್ಟ್ಯಾಂಪ್ ಬಂದಿದೆ. ಜನಜಂಗುಳಿಯ ದಿನ ಅದನ್ನು ಯಾರೂ ತುಂಬುವುದಿಲ್ಲ ಎಂಬ ದೂರೂ ಇದೆ.

ಮಾಲೀಕರು ಗೂಡಿಗೆ ಸುಣ್ಣ ಹೊಡೆಸಿ ತಿಂಗಳುಗಟ್ಟಲೆ ಖಾಲಿ ಬಿಟ್ಟರು. ಹೊಸ ಮರಿಗಳಿಗೆ ಮೊದಲ ವಾರದಲ್ಲೇ ಲಸೋಟಾ ಹನಿ, ಎಂಟು ವಾರಕ್ಕೆ ಆರ್2ಬಿ ಚುಚ್ಚುಮದ್ದು ಹಾಕಿಸಿದರು. ಇವೆರಡೂ ರಾಣಿಖೇತ್ ತಡೆಯುವ ಲಸಿಕೆ. ಆದರೆ ಕೊಕ್ಕರೆ ರೋಗವೇ ಬರದ ಹಿಂಡಿನಲ್ಲಿ ಕೋಳಿ ಒಟ್ಟಿಗೆ ಸತ್ತರೆ ಅನುಮಾನಕ್ಕೆ ಬೇರೆ ಕಾರಣ ಬೇಕಾಗುತ್ತದೆ, ಹಕ್ಕಿ ಜ್ವರ ಬೇಗ ಕಣ್ಣಿಗೆ ಬೀಳುತ್ತದೆ. ಕೋಳಿ ಕುಯ್ಯುವ ಜಾಗವನ್ನು ನಲ್ಲಿಯಿಂದ ದೂರ, ಇಳಿಜಾರಿನ ಕೆಳಗೆ ಮಾಡಿದ್ದಾರೆ. ಅಲ್ಲಿಗೆ ಬೇರೆ ಕತ್ತಿ, ಬೇರೆ ಹಲಗೆ, ಸೋಪು. ಸೋಪು ತಾಗಿದರೆ ಈ ವೈರಸ್ ಉಳಿಯುವುದಿಲ್ಲ.

ಸಂತೆಯಲ್ಲಿ ಎಳೆ ಕೋಳಿ ಮಾರಿದವರು ಯಾರೆಂದು ಪತ್ತೆಯಾಗಲಿಲ್ಲ. ಬೈಕಿನ ಎರಡು ಬದಿ ಬುಟ್ಟಿ ಕಟ್ಟಿಕೊಂಡು ಬಂದ ಒಬ್ಬರು ಎಂಬುದಷ್ಟೇ ಮಾಲೀಕರಿಗೆ ನೆನಪು. ಯಾವ ಊರಿನ ಕೋಳಿ, ಯಾವ ಸಂತೆಯಿಂದ ಯಾವ ಸಂತೆಗೆ ಬಂತು, ಇನ್ನೆಷ್ಟು ಮನೆಗೆ ಹೋಯಿತು ಎಂಬ ಕಾಗದ ಎಲ್ಲೂ ಇಲ್ಲ. ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆ ಇಟ್ಟು ನೋಡಿ ಎಂದು ಪಶುವೈದ್ಯರು ಈಗ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಬುಟ್ಟಿಯ ವ್ಯಾಪಾರ ಮೊದಲಿನಂತೆಯೇ ನಡೆಯುತ್ತಿದೆ.